ಸುಮ್ಮನಿದ್ದವನ ಪಾಲು

2013ರಲ್ಲಿ ಬಂದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಮೊದಲ ಸಲ ಓದಿದಾಗ ಸಿಟ್ಟು ಬಂದದ್ದು ಅಮ್ಮ, ಮಾಲತಿಯರ ಮೇಲೆ. ಚಿಕ್ಕಪ್ಪನನ್ನು ಕೇಳಿಕೊಂಡು ಬಂದ ಹೆಂಗಸನ್ನು ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರಲ್ಲ, ಅದಕ್ಕೆ. ಮೊನ್ನೆ ಮತ್ತೆ ಓದಿದೆ. ಈ ಸಲ ಸಿಟ್ಟು ಕತೆ ಹೇಳುವವನ ಮೇಲೆ. ಅವನು ಯಾರಿಗೂ ಬೈಯಲ್ಲ, ಸುಮ್ಮನೆ ನೋಡ್ತಾನೆ. ಸೋನಾ ಮಸಾಲಾಕ್ಕೆ ಹೆಸರಿಗಷ್ಟೇ ಡೈರೆಕ್ಟರು. ಕೆಲಸ ಮಾಡದಿದ್ದರೂ ತಿಂಗಳ ಸಂಬಳ ಬರುತ್ತೆ.

ದುಡ್ಡು ಬಂದು ಮನೆಯವರು ಕೆಟ್ಟರು ಅಂತ ಸಲೀಸಾಗಿ ಹೇಳಿಬಿಡಬಹುದು. ಆದರೆ ಅವರ ಒಗ್ಗಟ್ಟು ಹಳೇ ಇಕ್ಕಟ್ಟಿನ ಮನೆಯದೇ. ಆಗ ಅದು ಅವರನ್ನು ಕಾಪಾಡಿತ್ತು. ಈಗ ಹೊರಗಿನವರನ್ನು ಇರುವೆಗಳ ಹಾಗೆ ಹೊಸಕುತ್ತದೆ. ಇದು ತಪ್ಪು ಅಂತ ಬಾಯಿಬಿಟ್ಟು ಹೇಳುವವಳು ಸೊಸೆಯಾಗಿ ಬಂದ ಅನಿತಾ.

ಹೆಂಡತಿ ಹೇಳೋದು ಸರಿ ಅಂತ ಅವನಿಗೂ ಗೊತ್ತು. ಆದರೆ ಅದನ್ನು ಒಪ್ಪಿಕೊಂಡರೆ ತಾನು ಉಣ್ಣುವ ಅನ್ನ ಎಲ್ಲಿಂದ ಬಂತು ಅಂತಲೂ ಕೇಳಿಕೊಳ್ಳಬೇಕು. ಅದಕ್ಕೇ ಕಾಫಿ ಹೌಸಿಗೆ ಹೋಗಿ ಕೂರ್ತಾನೆ. ನನ್ನ ಪ್ರಕಾರ ಈ ಕಾದಂಬರಿಯ ನಿಜವಾದ ಅಪರಾಧ ಆ ಕುರ್ಚಿಯಲ್ಲಿದೆ.

ನಮ್ಮನೆಯಲ್ಲಿ ಕೆಲಸದಾಕೆಗೆ ಬೈದ ದಿನ ನಾನು ಹೆಡ್‌ಫೋನ್ ಹಾಕ್ಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮೀಟಿಂಗ್ ಏನೂ ಇರಲಿಲ್ಲ.