ಏಳು ಮಂದಿ, 64 ಮಗ್ಗ

ಅಹಮದಾಬಾದಿನ ಕ್ಯಾಲಿಕೋ ಗಿರಣಿಗೆ ಸ್ವಯಂಚಾಲಿತ ಮಗ್ಗಗಳು ಬಂದವು. ಉತ್ಪಾದನೆ ಮಾತ್ರ ನಿರೀಕ್ಷೆಯಷ್ಟು ಏರಲಿಲ್ಲ, ದೋಷವಿರುವ ಬಟ್ಟೆಯೂ ಕಡಿಮೆಯಾಗಲಿಲ್ಲ. ತೊಡಕು ಎಲ್ಲಿದೆ ಎಂದು 1953ರಲ್ಲಿ ಹುಡುಕಲು ಹೊರಟವರು ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್. ಆ ಅನುಭವದಿಂದ ಅವರು 1958ರಲ್ಲಿ ಪ್ರಕಟಿಸಿದ ‘ಪ್ರೊಡಕ್ಟಿವಿಟಿ ಅಂಡ್ ಸೋಷಿಯಲ್ ಆರ್ಗನೈಸೇಷನ್’ ಕಾರ್ಮಿಕರ ಮೇಲೆ ಗೂಬೆ ಕೂರಿಸುವುದಿಲ್ಲ; ಕೆಲಸ ಹಂಚಿದ ಬಗೆಯನ್ನೇ ತನಿಖೆಗೆ ಒಡ್ಡುತ್ತದೆ. ಪುಸ್ತಕದ ದೊಡ್ಡ ಗುಣ ಇದು.

ಸ್ವಯಂಚಾಲಿತ ಮಗ್ಗಗಳ ಶೆಡ್ಡಿನಲ್ಲಿ 224 ಮಗ್ಗ, 29 ಕೆಲಸಗಾರರು, 12 ಬಗೆಯ ಕೆಲಸ. ಒಬ್ಬ ನೇಕಾರನ ಪಾಲಿಗೆ 24 ಇಲ್ಲವೇ 32 ಮಗ್ಗ. ಮಗ್ಗಕ್ಕೆ ನೂಲಿನ ಕಂಡಿಕೆ ತುಂಬುವವನಿಗೆ 40 ಅಥವಾ 50. ಎಳೆಗಳು ಒಟ್ಟಿಗೆ ಕಡಿದುಹೋದಾಗ ಸರಿಪಡಿಸುವವನಿಗೆ 60 ಅಥವಾ 80. ಸರಾಸರಿ ಲೆಕ್ಕ ಹಾಕಿದರೆ ಒಬ್ಬ ನೇಕಾರನಿಗೆ ಕಂಡಿಕೆಯವನಲ್ಲಿ ಮುಕ್ಕಾಲಿಗೂ ಕಡಿಮೆ, ಎಳೆ ಕೂಡಿಸುವವನಲ್ಲಿ ಅರ್ಧಕ್ಕೂ ಕಡಿಮೆ ಪಾಲು! ಮಗ್ಗ ನಿಂತರೆ ಯಾರನ್ನು ಕೂಗಬೇಕು, ಅವನು ಮೊದಲು ಯಾರ ಮಗ್ಗಕ್ಕೆ ಓಡಬೇಕು? ಇಂಥ ಕಡೆ ಜಗಳ ಹುಟ್ಟಿದರೆ ಅದನ್ನು ಸ್ವಭಾವದೋಷ ಎನ್ನುವುದು ಅನ್ಯಾಯ.

ಒಂದಿಷ್ಟು ಮಗ್ಗಗಳನ್ನು ಒಂದು ಗುಂಪಿಗೇ ಒಪ್ಪಿಸಿದರೆ ಹೇಗೆ ಎಂಬ ಸಲಹೆ ರೈಸ್ ಅವರದು. ಅದನ್ನು ಕಾರ್ಮಿಕರೇ ಕೈಗೆತ್ತಿಕೊಂಡು ತಮ್ಮ ಗುಂಪುಗಳನ್ನು ಕಟ್ಟಿಕೊಂಡರು: 64 ಮಗ್ಗಕ್ಕೆ ಏಳು ಮಂದಿ. ಹೊಸ ಪದ್ಧತಿ ನೆಲೆಗೊಂಡ ಮೇಲೆ ದಕ್ಷತೆ ಶೇ. 80ರಿಂದ 95ಕ್ಕೆ ಏರಿತು, ಹಾಳಾಗುವ ಬಟ್ಟೆ ಶೇ. 32ರಿಂದ 20ಕ್ಕೆ ಇಳಿಯಿತು. ಜೊತೆಗಾರನನ್ನು ತಾವೇ ಆರಿಸಿಕೊಂಡವರು ಅವನ ಕೆಲಸಕ್ಕೂ ಕೈಹಾಕಿದರು ಎಂಬುದು ಈ ಅಂಕಿಗಳಿಗಿಂತ ಮುಖ್ಯ.

ಆದರೆ ಪುಸ್ತಕ ಇಲ್ಲಿಯೇ ಎಡವುತ್ತದೆ. ಗುಂಪಿನೊಂದಿಗೆ ಕೂಲಿಯ ದರ್ಜೆಗಳೂ ಬದಲಾದವು. ಏರಿಕೆಯಲ್ಲಿ ಒಗ್ಗಟ್ಟಿನ ಪಾಲೆಷ್ಟು, ಕೂಲಿಯದೆಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸದೆ ಗುಂಪಿನ ಮನಸ್ಸಿಗೇ ಹೆಚ್ಚಿನ ಶ್ರೇಯ ಸಲ್ಲಿಸುವುದು ಆತುರ. ಕಾರ್ಮಿಕನ ಮಾತೂ ಪುಸ್ತಕದಲ್ಲಿ ಸಾಲದು. ಅವನು ಬಹುಪಾಲು ಕೋಷ್ಟಕಗಳ ಒಳಗೇ ಉಳಿಯುತ್ತಾನೆ.

1970ರಲ್ಲಿ ಟ್ಯಾವಿಸ್ಟಾಕ್ ಸಂಸ್ಥೆಯವರೇ ಆದ ಎರಿಕ್ ಮಿಲ್ಲರ್ ಈ ಪದ್ಧತಿ ಬಂದಿದ್ದ ಗಿರಣಿಗಳನ್ನು ಮತ್ತೆ ಪರಿಶೀಲಿಸಿದರು. ಒಂದು ಕಡೆ ಗುಂಪು ಪದ್ಧತಿ ಬಹುಮಟ್ಟಿಗೆ ಹಾಗೆಯೇ ನಡೆದಿತ್ತು, ಉಳಿದೆಡೆ ಸವೆದುಹೋಗಿತ್ತು. ರೈಸ್ ಪುಸ್ತಕವನ್ನು ಮಿಲ್ಲರ್ ವರದಿಯ ಜೊತೆಗಿಟ್ಟೇ ಓದಬೇಕು. ಗುಂಪು ಕಟ್ಟುವ ಉತ್ಸಾಹ ಮೊದಲನೆಯದರಲ್ಲಿದೆ. ಅದನ್ನು ವರ್ಷಗಟ್ಟಲೆ ಕಾಯುವ ಹೊಣೆ ಆಡಳಿತದ್ದು ಎಂಬುದು ಎರಡನೆಯದನ್ನು ಓದಿದಾಗಲೇ ಪೂರ್ತಿ ಮನದಟ್ಟಾಗುತ್ತದೆ.