ತಲೆಪೆಟ್ಟು ಮತ್ತು ಏಳು ದಿನಗಳ ಯೋಜನೆ

ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಮೋಟಾರು ವಾಹನ ಕಾಯ್ದೆಯ 162ನೇ ಕಲಂ ಇದನ್ನು ಮೊದಲೇ ಹೇಳಿತ್ತು; ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಡುವು ಹಾಕಿದ ಮೇಲೆ ಕಡತ ಅಲುಗಿತು. ಕರ್ನಾಟಕದಲ್ಲಿ 2016ರಲ್ಲೇ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಬಂದಿತ್ತು: ಮೊದಲ 48 ಗಂಟೆ, 25 ಸಾವಿರ ರೂಪಾಯಿ. ಎರಡಕ್ಕೂ ಹೊಗಳಿಕೆ ಧಾರಾಳವಾಗಿ ಸಿಕ್ಕಿದೆ. ಜೀವ ಉಳಿಸುವ ಮಟ್ಟಿಗೆ ಅದು ಸಲ್ಲುತ್ತದೆ. ಮಿದುಳಿನ ಗಾಯದ ಆರೈಕೆಯ ಮಟ್ಟಿಗೆ ಸಲ್ಲುವುದಿಲ್ಲ.

ಕೇಂದ್ರದ ಯೋಜನೆಯ ತಿರುಳು ಒಂದೇ ಸಾಲಿನದು: ಒಬ್ಬರಿಗೆ ಒಂದೂವರೆ ಲಕ್ಷದವರೆಗೆ, ಅಪಘಾತದ ದಿನದಿಂದ ಗರಿಷ್ಠ ಏಳು ದಿನ. ಎಣಿಕೆ ಶುರುವಾಗುವುದು ಅಪಘಾತದ ದಿನ, ತಕ್ಕ ಆಸ್ಪತ್ರೆ ಸೇರಿದ ದಿನವಲ್ಲ. ಕೊಪ್ಪಳ ಜಿಲ್ಲೆಯ ಸಿದ್ದಾಪುರದ ರಸ್ತೆಯಲ್ಲಿ ಬೈಕಿನಿಂದ ಬಿದ್ದವನನ್ನು ಗಂಗಾವತಿಗೆ ಒಯ್ದು, ಅಲ್ಲಿಂದ ಕೊಪ್ಪಳಕ್ಕೋ ಬಳ್ಳಾರಿಗೋ ಹುಬ್ಬಳ್ಳಿಗೋ ‘ರೆಫರ್’ ಮಾಡಿಸಿಕೊಳ್ಳುವಷ್ಟರಲ್ಲಿ ಆ ಏಳು ದಿನಗಳಲ್ಲೊಂದು ಪಾಲು ಕಳೆದಿರುತ್ತದೆ. ಕಾಲು ಮುರಿದವನಿಗೆ ಉಳಿದ ದಿನಗಳಲ್ಲಿ ರಾಡ್ ಹಾಕಿ ಮುಗಿಸಬಹುದು. ತೀವ್ರ ತಲೆಪೆಟ್ಟಿನವನು ಏಳನೆಯ ದಿನಕ್ಕೆ ಇನ್ನೂ ವೆಂಟಿಲೇಟರ್ ಮೇಲಿದ್ದರೂ ಆಶ್ಚರ್ಯವಿಲ್ಲ. ನುಂಗುವುದು, ನಡೆಯುವುದು, ಮಾತು, ನೆನಪು ಇವನ್ನೆಲ್ಲ ಮತ್ತೆ ಕಲಿಸಲು ತಿಂಗಳುಗಳು ಬೇಕು. ‘ಜೀವ ಉಳೀತು, ಮೊದಲಿನಂಗಿಲ್ಲ’ ಎಂದು ಮನೆಯವರು ಹೇಳುವ ಸ್ಥಿತಿಗೆ ಯೋಜನೆಯಲ್ಲಿ ಜಾಗವೇ ಇಲ್ಲ.

ಇನ್ನೊಂದು ಗೆರೆ ರಸ್ತೆಯದು: ಯೋಜನೆ ರಸ್ತೆ ಅಪಘಾತಕ್ಕೆ ಮಾತ್ರ. ಭಾರತದಲ್ಲಿ ತಲೆಪೆಟ್ಟಿಗೆ ರಸ್ತೆ ಅಪಘಾತದ ನಂತರದ ದೊಡ್ಡ ಕಾರಣ ಎತ್ತರದಿಂದ ಬೀಳುವುದು. ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಚೀಲದ ನಿಟ್ಟಿನಿಂದ ಬಿದ್ದ ಹಮಾಲನ ತಲೆಯೊಳಗಿನ ರಕ್ತಸ್ರಾವ ಬೈಕ್ ಸವಾರನದಕ್ಕಿಂತ ಬೇರೆಯಲ್ಲ, ಕಾನೂನು ಬೇರೆ. ಗಿರಣಿಯವರು ಇಎಸ್‌ಐಗೆ ಹೆಸರು ಬರೆಸಿದ್ದರೆ ಚಿಕಿತ್ಸೆಯ ಜೊತೆ ಕೂಲಿಯ ಬಹುಪಾಲೂ ಸಿಗುತ್ತದೆ. ಬರೆಸದಿದ್ದರೆ ಬಿಪಿಎಲ್ ಕಾರ್ಡೇ ಗತಿ. ಅದರ ಮೇಲೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆಯಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ಆಯುಷ್ಮಾನ್ ನಿಯಮದಲ್ಲೂ ಮನೆಗೆ ಕಳಿಸಿದ ಮೇಲಿನ ಖರ್ಚಿಗೆ 15 ದಿನಗಳ ಮಿತಿ. ಇನ್ನು ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಕೂತು ಗದ್ದೆ ನಾಟಿಗೆ ಹೋಗುವ ಹೆಣ್ಣಾಳುಗಳ ಪಾಡು. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಸುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಟ್ರೇಲರ್ ಉರುಳಿದ ದಾವೆಗಳಲ್ಲಿ ಕಂಪನಿಗಳ ಮೊದಲ ತಕರಾರು ಇದೇ ಬಗೆಯದು.

ಯಾವ ಗಾಯಾಳುವಿಗೆ ಎಷ್ಟು ಆರೈಕೆ ಎಂಬ ಈ ಚರ್ಚೆ ಅಮೆರಿಕದಲ್ಲಿ ಜನಾಂಗದ ಹೆಸರಿನಲ್ಲಿ ನಡೆಯುತ್ತದೆ. ಗಾಯಾಳುಗಳ ರಾಷ್ಟ್ರೀಯ ದಾಖಲೆ ಹಿಡಿದು ಸಂಶೋಧಕ ಆದಿಲ್ ಹೈದರ್ ಮತ್ತು ಸಂಗಡಿಗರು 2008ರಲ್ಲಿ, ವಿಮೆಯಿಲ್ಲದವರು ಮತ್ತು ಕಪ್ಪು, ಹಿಸ್ಪಾನಿಕ್ ಗಾಯಾಳುಗಳು ಸಾಯುವ ಸಂಭವ ಹೆಚ್ಚೆಂದು ತೋರಿಸಿದರು. ಆ ಚೌಕಟ್ಟು ಇಲ್ಲಿಗೆ ಹೊಂದದು, ಹೆಲ್ಮೆಟ್ ಮತ್ತು ಆಂಬುಲೆನ್ಸ್ ಸರಿಹೋದರೆ ಸಾಕು ಎನ್ನುವ ಆರೋಗ್ಯ ವಿಮರ್ಶಕರಿದ್ದಾರೆ. ಅವರ ವಾದಕ್ಕೆ ಆಧಾರ ಸಾಕ್ಷ್ಯವಲ್ಲ, ಸಾಕ್ಷ್ಯದ ಕೊರತೆ. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ಅಪಘಾತ ವರದಿ ವಯಸ್ಸು, ಲಿಂಗ, ವಾಹನದ ಬಗೆ ಎಲ್ಲವನ್ನೂ ಕೊಡುತ್ತದೆ, ಜಾತಿಯನ್ನು ಕೊಡುವುದಿಲ್ಲ. ಎಣಿಸದೆ ಬಿಟ್ಟದ್ದನ್ನು ಇಲ್ಲವೆನ್ನಲಾಗದು. ಜನಾಂಗ ಎಂದಿದ್ದ ಕಡೆ ಜಾತಿ ಎಂದು ತಿದ್ದಿ ವಿದೇಶಿ ತೀರ್ಮಾನವನ್ನು ಹಾಗೇ ಇಳಿಸುವವರದೂ ಅವಸರವೇ. ಗಂಗಾವತಿ, ಕಾರಟಗಿಗಳಿರುವ ತುಂಗಭದ್ರಾ ಎಡದಂಡೆಯ ಸೀಮೆಯಲ್ಲಿ ಜಾತಿ ಬಹುಪಾಲು ಕೆಲಸದ ದಾರಿಯಿಂದ ಒಳಬರುತ್ತದೆ: ಯಾರು ಚೀಲ ಹೊರುತ್ತಾರೆ, ಯಾರು ಟ್ರೇಲರ್ ಹತ್ತುತ್ತಾರೆ, ಯಾರ ಹೆಸರು ಯಾವ ಪುಸ್ತಕದಲ್ಲಿದೆ.

ವಿಮೆ ಕೈಬಿಟ್ಟ ಮೇಲೆ ಉಳಿಯುವುದು ಅಂಗವಿಕಲರ ಪ್ರಮಾಣಪತ್ರ. ಕೈಕಾಲು ಬಿದ್ದುಹೋಗಿದ್ದರೆ ಅದು ಸಿಗಬಹುದು. ಸಿಟ್ಟು, ಮರೆವು, ದುಡಿಯಲಾಗದ ಮಂಕು ಹೊತ್ತು ಮನೆಗೆ ಬಂದವನ ಕಷ್ಟ ಯಾವ ಕಾಲಮಿಗೂ ಸಲೀಸಾಗಿ ಕೂರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಮಿದುಳಿನ ಗಾಯ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ.