ಹಾಸು ಹೊಕ್ಕಿನ ಎಕ್ಸ್‌ರೇ

ಬೆಟಗೇರಿಯ ಮಗ್ಗದ ಮುಂದೆ ನಿಂತವರಿಗೆ ಹಾಸು, ಹೊಕ್ಕು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಡಿಜಿಟಲ್ ಎಕ್ಸ್‌ರೇ ತೆಗೆಯುವ ಚಪ್ಪಟೆ ಫಲಕವೂ ಅಂಥದೇ ಒಂದು ನೇಯ್ಗೆ. ಗಾಜಿನ ಹಾಳೆಯ ಮೇಲೆ ಅಡ್ಡಕ್ಕೆ ಮೂರು ಸಾವಿರದಷ್ಟು ಗೆರೆ, ಉದ್ದಕ್ಕೆ ಮತ್ತಷ್ಟೇ. ಅವು ಕೂಡುವಲ್ಲೆಲ್ಲ ಒಂದು ಟ್ರಾನ್ಸಿಸ್ಟರು, ಒಂದು ಡಯೋಡು. 43 ಸೆಂ.ಮೀ. ಚೌಕದೊಳಗೆ ಸುಮಾರು 90 ಲಕ್ಷ ಗಂಟು. (ಬೋರ್ಡಿನಲ್ಲಿ ‘ಡಿಜಿಟಲ್’ ಎಂದಿದ್ದಲ್ಲೆಲ್ಲ ಇದೇ ಇರುತ್ತದೆ ಎಂದಲ್ಲ. ಕ್ಯಾಸೆಟ್ಟನ್ನು ಯಂತ್ರಕ್ಕೆ ತೂರಿಸಿ ಓದಿಸುವ ಸಿ.ಆರ್. ಕೂಡ ಅದೇ ಹೆಸರಿನಲ್ಲಿ ನಡೆಯುತ್ತದೆ.)

ಇಷ್ಟು ಅಗಲ ಯಾಕೆ? ಕ್ಯಾಮೆರಾದ ಬೆಳಕಿನಂತೆ ಎಕ್ಸ್ ಕಿರಣವನ್ನು ಮಸೂರದಿಂದ ಚಿಕ್ಕದು ಮಾಡಲು ಬರುವುದಿಲ್ಲ. ಎದೆ ಎಷ್ಟು ಅಗಲವೋ ಅದನ್ನು ಹಿಡಿಯುವ ಫಲಕವೂ ಅಷ್ಟು ಅಗಲ ಬೇಕು. ಚಿಪ್ಪು ಮಾಡುವ ಸಿಲಿಕಾನ್ ಬಿಲ್ಲೆ 30 ಸೆಂ.ಮೀ.ಗೆ ನಿಂತುಬಿಡುತ್ತದೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಸ್ಪಿಯರ್ ಮತ್ತು ಲೆಕಾಂಬರ್ ಹರಳುಗಟ್ಟದ ಸಿಲಿಕಾನಿಗೆ ಬೆರಕೆ ಹಾಕಿ ಪಳಗಿಸಿದರು. ಲ್ಯಾಪ್‌ಟಾಪ್ ಪರದೆಯ ಕಾರ್ಖಾನೆಗಳು ಅದನ್ನು ದೊಡ್ಡ ಗಾಜಿನ ಮೇಲೆ ತೆಳ್ಳಗೆ ಕೂರಿಸುವುದನ್ನು ಕಲಿತವು. ಮಿಶಿಗನ್ ವಿಶ್ವವಿದ್ಯಾಲಯದ ಆಂಟೊನುಕ್, ಜೆರಾಕ್ಸ್ ಪಾರ್ಕ್‌ನ ಸ್ಟ್ರೀಟ್ ಮೊದಲಾದವರು ಚಿತ್ರ ತೋರಿಸುವ ಹಾಳೆಯನ್ನೇ ಚಿತ್ರ ಹಿಡಿಯುವ ಹಾಳೆ ಮಾಡಿದರು. ಅದರ ಮೇಲೆ ಕಿರಣವನ್ನು ಬೆಳಕು ಮಾಡುವ ಸೀಸಿಯಂ ಅಯೊಡೈಡಿನ ಅರ್ಧ ಮಿಲಿಮೀಟರ್ ಪದರ. ಸೂಜಿಗಳಂತೆ ನೆಟ್ಟಗೆ ಬೆಳೆದ ಅದರ ಹರಳುಗಳಲ್ಲಿ ಬೆಳಕು ಆಚೀಚೆ ಚದುರದೆ ಕೆಳಗಿಳಿಯುತ್ತದೆ. ಕುಸುರಿ ಕೆಲಸವೆಂದರೆ ಇದು, ಒಪ್ಪಲೇಬೇಕು.

ಸ್ತನದ ಪರೀಕ್ಷೆಗೆ ಬಳಸುವ ಸೆಲೆನಿಯಂ ಫಲಕ ಇನ್ನೂ ಚುರುಕು. ಕಿರಣವನ್ನು ಬೆಳಕು ಮಾಡದೆ ನೇರವಾಗಿ ವಿದ್ಯುತ್ತು ಮಾಡುತ್ತದೆ. ಆದರೆ ಅದು ಸೆಕೆ ತಾಳದು, ಹರಳುಗಟ್ಟಿ ಕೆಡುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ, ನಮ್ಮ ಕರೆಂಟಿಗೆ ಅದು ಹೇಳಿ ಮಾಡಿಸಿದ್ದಲ್ಲ.

ನನ್ನ ತಕರಾರು ಬೇರೆ. ಮಗ್ಗದಲ್ಲಿ ಎಳೆ ಹರಿದರೆ ನೇಕಾರ ನಿಲ್ಲಿಸಿ ಗಂಟು ಹಾಕುತ್ತಾನೆ. ಹಾಕದಿದ್ದರೆ ಸೀರೆಯೇ ಹೇಳುತ್ತದೆ. ಫಲಕದಲ್ಲಿ ಒಂದು ಗೆರೆ ಸತ್ತರೆ ಸಾಫ್ಟ್‌ವೇರು ಅಕ್ಕಪಕ್ಕದ ಗೆರೆಗಳ ಸರಾಸರಿ ತುಂಬಿ ಚಿತ್ರವನ್ನು ನುಣ್ಣಗೆ ಮಾಡಿಬಿಡುತ್ತದೆ. ಅದಾದರೂ ಸಣ್ಣದು, ದೊಡ್ಡದು ಇನ್ನೊಂದಿದೆ. ಫಿಲ್ಮಿನ ಕಾಲದಲ್ಲಿ ಕಿರಣ ಹೆಚ್ಚಾದರೆ ಫಿಲ್ಮು ಕರ್ರಗಾಗಿ ತಾನೇ ಚಾಡಿ ಹೇಳುತ್ತಿತ್ತು. ಈಗ ಕಿರಣ ಹೆಚ್ಚಾದಷ್ಟೂ ಚಿತ್ರ ಚಂದ. ಕಡಿಮೆಯಾದರೆ ಮಾತ್ರ ಕಾಳು ಕಾಳಾಗಿ ಕಾಣುತ್ತದೆ, ಡಾಕ್ಟರು ಬೈಯುತ್ತಾರೆ. ಬೈಗುಳ ತಪ್ಪಿಸಲು ಟೆಕ್ನಿಷಿಯನ್ ಕೈ ಯಾವ ಕಡೆ ವಾಲುತ್ತದೆಂದು ಬೇರೆ ಹೇಳಬೇಕೆ? ಕಡಿಮೆ ಕಿರಣ ಸಾಕೆಂಬುದು ಈ ಫಲಕದ ಹೆಗ್ಗಳಿಕೆ. ಆ ಉಳಿತಾಯ ರೋಗಿಗೆ ಸಿಗುವುದು ಯಾರಾದರೂ ಲೆಕ್ಕ ಇಟ್ಟರೆ ಮಾತ್ರ. ಲೆಕ್ಕದ ಅಂಕಿ ಇದ್ದೇ ಇದೆ: ಎಕ್ಸ್‌ಪೋಷರ್ ಇಂಡೆಕ್ಸ್. 2008ರ ಅಂತರರಾಷ್ಟ್ರೀಯ ಮಾನಕದಂತೆ ಆ ಅಂಕಿ ಇಮ್ಮಡಿಯಾದರೆ ಫಲಕಕ್ಕೆ ಬಿದ್ದ ಕಿರಣವೂ ಇಮ್ಮಡಿ.

ಮುಂಡರಗಿ ಕಡೆಯವರಿಗೆ ಇನ್ನೊಂದು ಮಾತು. ಅಲ್ಲಿನ ಕೊಳವೆಬಾವಿಗಳ ಫ್ಲೋರೈಡ್ ಹಳೆಯ ಕಥೆ, ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಬಹಳ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬು ಬಲಿತು ಬೆಳ್ಳಗಾಗುತ್ತದೆ, ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆಗೆ ಸುಣ್ಣ ಕಟ್ಟುತ್ತದೆ. ಪೊರೆಯ ಸುಣ್ಣವನ್ನು ಈ ಫಲಕ ಫಿಲ್ಮಿಗಿಂತ ಚೆನ್ನಾಗಿ ಹಿಡಿದೀತು. ಆದರೆ ಯಂತ್ರವು ಕಪ್ಪು ಬಿಳುಪನ್ನು ತಾನೇ ಸರಿದೂಗಿಸುವುದರಿಂದ ಬಲಿತ ಎಲುಬೂ ಸಾಮಾನ್ಯ ಎಲುಬೂ ಒಂದೇ ಬೂದು ಬಣ್ಣಕ್ಕೆ ಬರಬಹುದು. ಬಿಳುಪು ನೋಡಿ ಅಂದಾಜು ಮಾಡುವ ಹಳೆಯ ಕಣ್ಣಿಗೆ ಇಲ್ಲಿ ಕೆಲಸ ಕಡಿಮೆ.

ಪೊರೆಯ ಸುಣ್ಣ ಕಾಣುವುದೂ ಮೂಲ ಚಿತ್ರ ಕೈಗೆ ಸಿಕ್ಕರೆ. ಶಿರಹಟ್ಟಿ ಕಡೆಯ ನಮ್ಮ ಚಿಕ್ಕಪ್ಪನಿಗೆ ಒಂದು ಕಡೆ ಕೊಟ್ಟದ್ದು ಪರದೆಯ ಫೋಟೋ, ವಾಟ್ಸಾಪಿನಲ್ಲಿ. ಟ್ಯೂಬ್‌ಲೈಟಿನ ಹೊಳಪು ಎರಡನೇ ಪಕ್ಕೆಲುಬಿನ ಮೇಲೇ ಬಿದ್ದಿತ್ತು. ಸಾವಿರಾರು ಬೂದು ಛಾಯೆ ಹಿಡಿಯುವ ಫಲಕಕ್ಕೆ ಲಕ್ಷಗಟ್ಟಲೆ ಸುರಿದು ಕೊನೆಗೆ ಕೈಗಿಡುವುದು ಇದು.

ಲಕ್ಷ್ಮೇಶ್ವರದಿಂದಲೋ ಮುಂಡರಗಿಯಿಂದಲೋ ಬಸ್ಸು ಹಿಡಿದು ಎಕ್ಸ್‌ರೇಗೆ ಬಂದವರು ವಾಪಸು ಹೊರಡುವ ಮುಂಚೆ ಎರಡು ಕೇಳಿ: ಎಕ್ಸ್‌ಪೋಷರ್ ಇಂಡೆಕ್ಸ್ ಎಷ್ಟು ಬಂತು, ಮತ್ತು ಮೂಲ ಚಿತ್ರದ ಡೈಕಾಮ್ ಫೈಲನ್ನು ಸಿ.ಡಿ.ಯಲ್ಲಿ ಕೊಡುತ್ತೀರಾ.